ಗಾಜಿನ ತೊಟ್ಟಿಯೊಳಗಿನ ಎಲ್ಲೆಜಗಳ: ಹಾಸನ ಸೀಮೆಯ ಮನೆಗಳಲ್ಲಿ ಸಿಕ್ಲಿಡ್ ಸಾಕಣೆ

ಸಿಕ್ಲಿಡ್ ಕುಟುಂಬದಲ್ಲಿ ವಿಜ್ಞಾನಿಗಳು ಹೆಸರಿಸಿರುವ ಪ್ರಭೇದಗಳು 1,700ಕ್ಕೂ ಹೆಚ್ಚು. ಅವುಗಳಲ್ಲಿ ಭಾರತದ ನೀರಿಗೆ ಸೇರಿದವು ಮೂರೇ: ಕೇರಳದವರು ಕರಿಮೀನು ಎನ್ನುವ ಎಟ್ರೊಪ್ಲಸ್ ಸುರಾಟೆನ್ಸಿಸ್, ಕಿತ್ತಳೆ ಬಣ್ಣದ ಪುಟ್ಟ ಸ್ಯೂಡೆಟ್ರೊಪ್ಲಸ್ ಮ್ಯಾಕುಲೇಟಸ್ ಮತ್ತು 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಎಟ್ರೊಪ್ಲಸ್ ಕೆನರೆನ್ಸಿಸ್. ಕೊನೆಯದು ನೇತ್ರಾವತಿ, ಕುಮಾರಧಾರೆಗಳ ಮೀನು. ಕರ್ನಾಟಕದ ಹೊರಗೆ ಅದಕ್ಕೆ ನೆಲೆಯಿಲ್ಲವೆಂದೇ ಹೇಳಬೇಕು. ಸಕಲೇಶಪುರದ ಘಟ್ಟದಲ್ಲಿ ಹುಟ್ಟುವ ಕೆಂಪುಹೊಳೆ ಇಳಿದು ಸೇರುವುದು ಆ ನೀರನ್ನೇ. ಹಾಸನ ಸೀಮೆಯ ಊರಾದ ದೊಡ್ಡಗದ್ದವಳ್ಳಿ ಇರುವುದು ಘಟ್ಟದ ಈಚೆಗೆ, ಕಾವೇರಿಯ ಕಣಿವೆಯಲ್ಲಿ. ಅಲ್ಲಿನ ಲಕ್ಷ್ಮೀದೇವಿ ದೇವಾಲಯದ ಮಗ್ಗುಲಿನ ಕೆರೆಯಂಥ ಕೆರೆಗಳು ಊರೂರಿಗೂ ಇರುವ ಈ ಸೀಮೆಯಲ್ಲಿ ಜನ ಬಲ್ಲ ಸಿಕ್ಲಿಡ್ ಎಂದರೆ ಜಿಲೇಬಿ ಮೀನು. ಅದು ಆಫ್ರಿಕ ಮೂಲದ ಮೊಸಾಂಬಿಕ್ ತಿಲಾಪಿಯ. ಭಾರತಕ್ಕೆ ಬಂದದ್ದು 1952ರಲ್ಲಿ.

ಈಚಿನ ವರ್ಷಗಳಲ್ಲಿ ಏಂಜೆಲ್, ಆಸ್ಕರ್, ಪ್ಯಾರಟ್, ಫ್ಲವರ್‌ಹಾರ್ನ್, ಮಲಾವಿ ಸರೋವರದ ಬಣ್ಣದ ಮೀನುಗಳು ಅಂಗಡಿಯಿಂದ ನೇರ ಮನೆಗೆ ಬರುತ್ತಿವೆ. ಇವೆಲ್ಲವೂ ಸಿಕ್ಲಿಡ್‌ಗಳೇ. ಕೆಲವೇ ವಾರಗಳಲ್ಲಿ ಹರಿದ ರೆಕ್ಕೆ, ಕಿತ್ತ ಹುರುಪೆ, ಮೂಲೆ ಹಿಡಿದು ನಿಂತ ಮೀನು ಕಾಣಿಸಿಕೊಳ್ಳುತ್ತವೆ. ಆಗ ಸಾಕುವವರು ಮೀನಿನ ಗುಣವನ್ನು ದೂರುತ್ತಾರೆ. ದೂರಬೇಕಾದದ್ದು ತೊಟ್ಟಿಯನ್ನು ಎಂಬುದು ಈ ಲೇಖನದ ವಾದ.

ಹೊಳೆಯಲ್ಲಿ ಸಿಕ್ಲಿಡ್ ಕಾದಾಡುವುದು ಮೊಟ್ಟೆಯಿಡುವ ಜಾಗಕ್ಕಾಗಿ, ಮರಿಗಳಿಗಾಗಿ, ಆಹಾರಕ್ಕಾಗಿ. ಗಂಡು ಜಿಲೇಬಿ ಮೀನು ತಳದ ಮಣ್ಣಿನಲ್ಲಿ ಗುಂಡಿ ತೋಡಿ, ಮೈ ಕಪ್ಪಾಗಿಸಿಕೊಂಡು, ಬಂದ ಗಂಡುಗಳನ್ನೆಲ್ಲ ಅಟ್ಟುತ್ತದೆ. ಸೋತದ್ದು ಒಂದೆರಡು ಮಾರು ದೂರ ಹೋದರೆ ಜಗಳ ಮುಗಿಯಿತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 56 ಲೀಟರ್ ನೀರು. ಅಲ್ಲಿ ಸೋತ ಮೀನು ಎಲ್ಲಿ ನಿಂತರೂ ಗೆದ್ದ ಮೀನಿನ ಎಲ್ಲೆಯೊಳಗೇ ಇರುತ್ತದೆ. ಶರಣಾದರೂ ಅದಕ್ಕೆ ಬಿಡುಗಡೆಯಿಲ್ಲ. ಮೈಡಸ್ ಸಿಕ್ಲಿಡ್ ಮರಿಗಳ ಮೇಲೆ ರೊನಾಲ್ಡ್ ಓಲ್ಡ್‌ಫೀಲ್ಡ್ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ತೊಟ್ಟಿಯನ್ನು ಅಷ್ಟಿಷ್ಟು ಹಿಗ್ಗಿಸಿದರೂ, ಮೀನಿನ ಸಂಖ್ಯೆ ಅಷ್ಟಿಷ್ಟು ಬದಲಿಸಿದರೂ ಕಚ್ಚಾಟ ತಗ್ಗಲಿಲ್ಲ. ಬಹಳ ದೊಡ್ಡದಾದ, ಮರೆಗಳಿಂದ ತುಂಬಿದ ಆವರಣದಲ್ಲಿ ಮಾತ್ರ ತಗ್ಗಿತು.

ನೆರೆಯ ಮೀನುಗಳ ವಿಷಯ ಇನ್ನೂ ಕುತೂಹಲದ್ದು. ವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1963ರ ತಮ್ಮ ಆಕ್ರಮಣಶೀಲತೆಯ ಗ್ರಂಥದಲ್ಲಿ ಸಿಕ್ಲಿಡ್ ಜೋಡಿಗಳ ಬಗ್ಗೆ ವಿವರವಾಗಿ ಬರೆದರು. ಗಾಜಿನ ಆಚೆ ಬೇರೊಂದು ಜೋಡಿ ಕಾಣುತ್ತಿರುವಷ್ಟು ಕಾಲ ಗಂಡಿನ ಸಿಟ್ಟು ಅತ್ತ ಹರಿಯುತ್ತದೆ. ನಡುವಿನ ಗಾಜಿಗೆ ಪಾಚಿ ಕಟ್ಟಿ ನೋಟ ಮುಚ್ಚಿದರೆ ಅದೇ ಸಿಟ್ಟು ಹೆಣ್ಣಿನ ಮೇಲೆ ತಿರುಗುತ್ತದೆ. 1969ರಲ್ಲಿ ಆ್ಯನ್ ರಾಸ ಈ ವಿಚಾರವನ್ನು ಒರೆಗೆ ಹಚ್ಚಿದ್ದು ನಮ್ಮ ಕರಾವಳಿಯ ಕಿತ್ತಳೆ ಸಿಕ್ಲಿಡ್‌ನ ಮೇಲೆ. ನಮ್ಮ ಹಿನ್ನೀರಿನ ಮೀನೊಂದು ವರ್ತನಾ ವಿಜ್ಞಾನದ ಮೂಲಪಾಠವಾಯಿತು. ಅದನ್ನು ಇಲ್ಲಿ ಸಾಕುವವರು ಮಾತ್ರ ವಿರಳ ಎಂಬುದು ಬೇಸರದ ಸಂಗತಿ. ಜೋಡಿಯನ್ನು ಒಂಟಿಯಾಗಿ ಇಟ್ಟರೆ ಶಾಂತಿ ಎಂಬ ನಂಬಿಕೆಯನ್ನು ಈ ಅಧ್ಯಯನಗಳು ಒಪ್ಪುವುದಿಲ್ಲ. ಪಾರದರ್ಶಕ ತಡೆಯ ಆಚೆ ನೆರೆ ಇದ್ದರೆ ಹೆಣ್ಣು ಉಳಿಯುತ್ತದೆ; ಆ ಗಾಜನ್ನು ಆಗಾಗ ಒರೆಸಬೇಕು.

ಮೂರನೆಯ ಸಂಗತಿ ನೀರು. ಜಿಲೇಬಿ ಮೀನಿನ ಗಂಡುಗಳು ಮೂತ್ರದ ವಾಸನೆಯಿಂದ ತಮ್ಮ ಅಂತಸ್ತನ್ನು ಸಾರುತ್ತವೆ ಎಂದು 2007ರಲ್ಲಿ ಪೋರ್ಚುಗಲ್‌ನ ಸಂಶೋಧಕರು ತೋರಿಸಿದರು. ಹಾಗಾದರೆ ತೊಟ್ಟಿಯ ನೀರು ಬರಿಯ ನೀರಲ್ಲ, ಯಾರು ಮೇಲು ಯಾರು ಕೆಳಗು ಎಂಬ ದಾಖಲೆಯೂ ಹೌದು. ಒಮ್ಮೆಗೇ ಹೆಚ್ಚು ನೀರು ಬದಲಿಸಿದರೆ ದಾಖಲೆ ಅಳಿದು ಕಾದಾಟ ಮತ್ತೆ ಮೊದಲಾಗುತ್ತದೆ. ಏಂಜೆಲ್ ಮೀನಿನ ಮೇಲೆ ಬ್ರೆಜಿಲ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೂ ಕಡಿಮೆ ಪ್ರಮಾಣದ ಬದಲಾವಣೆಯೇ ಮೇಲೆನ್ನುತ್ತದೆ. ಕೊಳೆಯಾದ ಮೇಲೆ ಇಡೀ ತೊಟ್ಟಿ ಖಾಲಿ ಮಾಡಿ ತೊಳೆಯುವ ನಮ್ಮ ಮನೆಗಳ ಪದ್ಧತಿ ಇದಕ್ಕೆ ತೀರಾ ವಿರುದ್ಧ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವುದು ಸಾಕು; ಬೋರ್‌ವೆಲ್ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿಟ್ಟು, ತೊಟ್ಟಿಯ ನೀರಿನ ಬಿಸುಪಿಗೆ ಬಂದ ಮೇಲೆ ಸುರಿಯಬೇಕು.

ಉಳಿದ ಕ್ರಮಗಳು ಈ ಮೂರು ಸಂಗತಿಗಳಿಂದಲೇ ಹೊರಡುತ್ತವೆ. ಹಳೆಯ ಮಂಗಳೂರು ಹೆಂಚಿನ ತುಂಡು, ಕುಡಿಕೆ, ಕಲ್ಲುಗಳನ್ನು ನೋಟ ತಡೆಯುವಂತೆ ನೆಟ್ಟಗೆ ನಿಲ್ಲಿಸಬೇಕು; ಅಡ್ಡ ಮಲಗಿಸಿದ ಕಲ್ಲು ಅಲಂಕಾರವಷ್ಟೆ. ಕಲ್ಲು ಮರಳಿನ ಮೇಲಲ್ಲ, ತಳದ ಮೇಲೇ ಕೂರಬೇಕು, ಏಕೆಂದರೆ ಇವು ತೋಡುವ ಮೀನುಗಳು. ಹೊಸ ಮೀನು ಬಿಡುವ ಮುನ್ನ ಕಲ್ಲುಗಳ ಜಾಗ ಬದಲಿಸಿದರೆ ಹಳೆಯ ಎಲ್ಲೆಗಳು ಅಳಿಯುತ್ತವೆ. ಬಾಯಲ್ಲಿ ಮೊಟ್ಟೆ ಕಾಯುವ ಮಲಾವಿ ಮೀನುಗಳಿಗೆ ಒಂದು ಗಂಡಿಗೆ ಹಲವು ಹೆಣ್ಣು ಬೇಕು. ಫ್ಲವರ್‌ಹಾರ್ನ್‌ಗೆ ಒಂಟಿ ತೊಟ್ಟಿಯೇ ಸರಿ.

ಮೀನನ್ನು ಒತ್ತಾಗಿ ತುಂಬಿಸಿ ಜಗಳ ಹಂಚಿಹೋಗುವಂತೆ ಮಾಡುವ ಉಪಾಯ ವಿದೇಶಗಳಲ್ಲಿ ಜನಪ್ರಿಯ. ನಮ್ಮ ಹಳ್ಳಿಗಳಿಗೆ ನಾನು ಅದನ್ನು ಶಿಫಾರಸು ಮಾಡಲಾರೆ. ಕರೆಂಟು ಹೋಗಿ ಫಿಲ್ಟರ್ ನಿಂತರೆ ಅಂಥ ತೊಟ್ಟಿಯ ಆಮ್ಲಜನಕ ಬೇಗ ಮುಗಿಯುತ್ತದೆ. ಜಗಳದಿಂದ ಉಳಿದವು ಉಸಿರುಕಟ್ಟಿ ಸಾಯುತ್ತವೆ.

ಇಷ್ಟು ಮಾಡಿದರೂ ಹೊಂದದ ಮೀನು ಇದ್ದೇ ಇರುತ್ತದೆ. ಅದನ್ನು ಕೆರೆಗೆ ಬಿಡುವುದು ಕರುಣೆಯಂತೆ ತೋರಬಹುದು. ಹೊರಗಿನಿಂದ ಬಂದ ಸಿಕ್ಲಿಡ್ ನಮ್ಮ ನೀರಿನಲ್ಲಿ ಎಷ್ಟು ಬಲವಾಗಿ ಬೇರೂರಬಲ್ಲದು ಎಂಬುದನ್ನು ಕಾವೇರಿ ಕಣಿವೆಯ ಜಲಾಶಯಗಳಲ್ಲಿ ನೆಲೆನಿಂತ ಜಿಲೇಬಿ ಮೀನು ಈಗಾಗಲೇ ತೋರಿಸಿದೆ. ಘಟ್ಟದ ಆಚೆ ಎಟ್ರೊಪ್ಲಸ್ ಕೆನರೆನ್ಸಿಸ್ ಅಳಿವಿನಂಚಿನ ಪಟ್ಟಿಯಲ್ಲಿದೆ. ಸಾಕಲಾಗದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಿ. ಕೆರೆಗೂ ಹೊಳೆಗೂ ಬಿಡಬೇಡಿ.