ಕೆರೆಗಳು ಕಾದ ಕಾಡು

ಬೊರಿವಲಿಯ ಕಾಡು ಇಂದಿಗೂ ಉಳಿದಿದ್ದರೆ ಅದಕ್ಕೆ ಮೊದಲ ಕಾರಣ ಮುಂಬಯಿಯ ಬಾಯಾರಿಕೆ. 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆಗಳು ಸಿದ್ಧವಾದ ಮೇಲೆ ಅವುಗಳ ಜಲಾನಯನಕ್ಕೆ ಕಾವಲು ಬಿತ್ತು. ರಾಷ್ಟ್ರೀಯ ಉದ್ಯಾನ ಬಂದದ್ದು ಬಹಳ ತಡವಾಗಿ.

ಈ ಎರಡು ಕೆರೆಗಳು ಈಗ ನಗರಕ್ಕೆ ಕೊಡುವುದು ಅತ್ಯಲ್ಪ ನೀರು; ಇಷ್ಟು ಜಾಗವೇಕೆ ಎಂದು ಕೇಳುವವರಿದ್ದಾರೆ. ಪಕ್ಕದ ಪೊವಾಯಿಯನ್ನು ನೋಡಲಿ. 1891ರ ಆ ಕೆರೆಯ ನೀರು ಆರಂಭದಲ್ಲೇ ಕಳಪೆಯಾಗಿತ್ತು, ನಿಜ. ಆದರೆ ದಡದವರೆಗೆ ಕಟ್ಟಡಗಳೆದ್ದ ಮೇಲೆ ಹೂಳು, ಕೊಳಚೆ, ಅಂತರಗಂಗೆಯೂ ತುಂಬಿದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ವಿಹಾರ್, ಪೊವಾಯಿ ಕೆರೆಗಳ ಕೋಡಿ ನೀರು ಸೇರುವ ಮೀಠಿ ನದಿ ಕುರ್ಲಾದ ಮನೆಗಳಿಗೆ ನುಗ್ಗಿತು. ಅಲ್ಲಿ ದಂಡೆ ಒತ್ತುವರಿಯಾಗಿ, ನೀರಿಂಗುವ ಮಣ್ಣೇ ಇರಲಿಲ್ಲ. ಜಲಾನಯನದ ಬೆಲೆಯನ್ನು ಲೀಟರಿನಲ್ಲಷ್ಟೇ ಅಳೆಯುವುದು ತಪ್ಪು.