ಒಂದೇ ಯುದ್ಧ, ಎರಡು ನೆನಪು



ಮಾತುಕತೆಯ ಕಾರ್ಯಕ್ರಮದಲ್ಲಿ ಸಮಯ ಸಾಲದೆ ಬಿಟ್ಟುಹೋದ ಒಂದು ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಯಲಹಂಕದಿಂದ ದೊಡ್ಡಬಳ್ಳಾಪುರದ ಬಸ್ಸು ಹತ್ತಿದರೆ ದಾರಿಯಲ್ಲಿ ರಾಜಾನುಕುಂಟೆ ಸಿಗುತ್ತದೆ. ನನ್ನ ಮನೆ ಇರುವುದು ಅಲ್ಲೇ. 1791ರಲ್ಲಿ, ಮೂರನೆಯ ಮೈಸೂರು ಯುದ್ಧ ನಡೆದಾಗ, ಈ ಸೀಮೆಯೆಲ್ಲ ದಂಡಿನ ದಾರಿಯಾಗಿತ್ತು. ಕಾರ್ನ್‌ವಾಲಿಸನ ಸೇನೆ ಮಾರ್ಚ್ 7ರಂದು ಬೆಂಗಳೂರು ಪೇಟೆಗೆ ನುಗ್ಗಿ ಲೂಟಿ ಮಾಡಿತು. 21ರ ರಾತ್ರಿ ಕೋಟೆಯನ್ನು ಹಿಡಿಯಿತು. ವಾರ ಕಳೆದ ಮೇಲೆ ಉತ್ತರಕ್ಕೆ, ದೇವನಹಳ್ಳಿಯ ಕಡೆಗೆ ಹೊರಟಿತು. ಶತ್ರುವಿನ ಎತ್ತು ಕುದುರೆಗಳಿಗೆ ಮೇವು ದಕ್ಕಬಾರದೆಂದು ಟಿಪ್ಪುವಿನ ಸವಾರರು ಅದಕ್ಕೆ ಮೊದಲೇ ಹುಲ್ಲು ಮೇವನ್ನು ಸುಟ್ಟಿದ್ದರು. ಮೇವು ಸುಟ್ಟರೆ ರೈತನ ದನ ಏನು ತಿನ್ನಬೇಕು? ಎರಡೂ ಪಾಳೆಯದವರಿಗೆ ಆ ಚಿಂತೆ ಇರಲಿಲ್ಲ.

ಆದರೂ ಇಂದು ನಮ್ಮೂರಿನಲ್ಲಿ ಆ ಯುದ್ಧದ ಹೆಸರು ಹೇಳಿ ಯಾರೂ ಮತ ಕೇಳುವುದಿಲ್ಲ. ಕೊಡಗಿನಲ್ಲಿ ಹಾಗಲ್ಲ. ಅಲ್ಲಿ ಅದೇ ಕಾಲದ ನೆನಪು ಇಂದಿಗೂ ರಾಜಕೀಯದ ವಿಷಯ. ಈ ವ್ಯತ್ಯಾಸ ಏಕೆ ಬಂತು?

ಹೈದರಾಲಿಯ ಕಾಲಕ್ಕೇ ಕೊಡಗು ಮೈಸೂರಿನ ಹಿಡಿತಕ್ಕೆ ಬಂದು, ಅರಸುಮಕ್ಕಳು ಸೆರೆಯಾಗಿದ್ದರು. ಜನ ಮತ್ತೆ ಮತ್ತೆ ದಂಗೆ ಎದ್ದರು. 1785ರ ಸುಮಾರಿಗೆ ಟಿಪ್ಪು ತಾನೇ ದಂಡೆತ್ತಿ ಹೋಗಿ, ಹೆಂಗಸರು ಮಕ್ಕಳೆನ್ನದೆ ಬಹಳ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹಲವರನ್ನು ಬಲವಂತವಾಗಿ ಮತಾಂತರ ಮಾಡಲಾಯಿತು. ಅವರ ಜಮೀನಿನಲ್ಲಿ ಹೊರಗಿನವರನ್ನು ತಂದು ನೆಲೆಗೊಳಿಸಲಾಯಿತು.

ಎಷ್ಟು ಜನ? ನಾನು ವಿಜ್ಞಾನ ಓದಿದವನು, ಅಂಕಿ ಕಂಡರೆ ತೂಗಿ ನೋಡುವ ಚಟ. ಕರ್ನೂಲಿನ ನವಾಬನಿಗೆ ಬರೆದ ಪತ್ರದಲ್ಲಿ ಟಿಪ್ಪು 40,000 ಎನ್ನುತ್ತಾನೆ. ಕಂಪನಿಯ ಅಧಿಕಾರಿ ಮಾರ್ಕ್ ವಿಲ್ಕ್ಸ್ 70,000 ಎನ್ನುತ್ತಾನೆ. ಒಬ್ಬನಿಗೆ ತನ್ನ ಗೆಲುವನ್ನು ಹಿಗ್ಗಿಸುವ ಕಾರಣವಿತ್ತು, ಇನ್ನೊಬ್ಬನಿಗೆ ಶತ್ರುವಿನ ಕ್ರೌರ್ಯವನ್ನು ಹಿಗ್ಗಿಸುವ ಕಾರಣ. ಸುಮಾರು ನೂರು ವರ್ಷದ ನಂತರ, 1881ರ ಜನಗಣತಿಯಲ್ಲಿ, ಇಡೀ ಕೊಡಗಿನ ಜನಸಂಖ್ಯೆ ಸುಮಾರು 1,78,000. ಅದರಲ್ಲಿ ಕೊಡವರು ಸುಮಾರು 27,000. ಇದರಿಂದ ಹಳೆಯ ಅಂಕಿ ಸುಳ್ಳೆಂದು ಸಿದ್ಧವಾಗುವುದಿಲ್ಲ, ಆದರೆ ಅದನ್ನು ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ. ಅಷ್ಟು ಸಣ್ಣ ನಾಡಿನಿಂದ ಹತ್ತು ಸಾವಿರ ಜನ ಹೋದರೂ ಊರೂರೇ ಬರಿದಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಮುಂದಿನದು ರಾಜಕೀಯ. 1788ರಲ್ಲಿ ಯುವರಾಜ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ. 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಶ್ರೀರಂಗಪಟ್ಟಣಕ್ಕೆ ನಡೆದದ್ದು ಕೊಡಗಿನ ಮೂಲಕವೇ. ಅವರಿಬ್ಬರೂ ಭೇಟಿಯಾದ ಜಾಗದಲ್ಲಿ ಎದ್ದ ಊರೇ ವಿರಾಜಪೇಟೆ. ಸೆರೆಯಲ್ಲಿದ್ದ ಅನೇಕರು ಯುದ್ಧದ ಗದ್ದಲದಲ್ಲಿ ಊರಿಗೆ ಮರಳಿದರು.

ಅಂದು ಪ್ರಾಣಭಯದಲ್ಲಿ ಹಿಡಿದ ಆ ಕೈ ನಾಲ್ಕು ದಶಕದಲ್ಲಿ ಯಜಮಾನನ ಕೈಯಾಯಿತು. 1834ರಲ್ಲಿ ಕಂಪನಿ ಅರಸನನ್ನು ಇಳಿಸಿ ಕೊಡಗನ್ನೇ ನುಂಗಿತು. 1837ರಲ್ಲಿ ಸುಳ್ಯ ಸೀಮೆಯ ಜನ ಕಂಪನಿಯ ವಿರುದ್ಧ ಎದ್ದಾಗ ಅದರ ಪಕ್ಷ ಹಿಡಿದ ಕೊಡವರಿಗೆ ಪದಕಗಳು ಬಂದವು. 1861ರಲ್ಲಿ ಆಯುಧ ಕಾಯಿದೆಯಿಂದ ವಿನಾಯಿತಿಯೂ ಸಿಕ್ಕಿತು. ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದರೂ ಕೊಡಗು ಬೇರೆಯಾಗಿಯೇ ಉಳಿಯಿತು. ಸ್ವಾತಂತ್ರ್ಯದ ನಂತರ ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಪುಟ್ಟ ರಾಜ್ಯ ಅದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ವಿಲೀನ ಬೇಡವೆಂದು 1952ರ ಚುನಾವಣೆಯಲ್ಲಿ ನಿಂತ ‘ತಕ್ಕಡಿ’ಯವರ ಬಗ್ಗೆ ಹಿರಿಯರಿಂದ ಕೇಳಿ ತಿಳಿಯಿರಿ.

ಇದೆಲ್ಲವೂ 1785ರಿಂದಲೇ ಆಯಿತೆನ್ನುವುದು ತಪ್ಪು. ಮಲೆನಾಡಿನ ಭೂಗೋಳ, ಭಾಷೆ, ಆಮೇಲೆ ಬಂದ ಕಾಫಿ, ಎಲ್ಲಕ್ಕೂ ಪಾಲಿದೆ. ಆದರೆ ನೆನಪು ನಿಲ್ಲಲು ನೆಲೆ ಬೇಕು. ಕೊಡಗಿಗೆ ತನ್ನದೇ ಗಡಿ, ತನ್ನದೇ ಆಡಳಿತ, ತನ್ನದೇ ಕೋವಿಯ ಹಕ್ಕು ಇದ್ದವು. ನಮ್ಮ ಬಯಲುಸೀಮೆಯ ರೈತನ ಸುಟ್ಟ ಮೇವಿಗೆ ಅಂಥ ನೆಲೆ ಸಿಗಲಿಲ್ಲ, ಅವನ ಮೊಮ್ಮಕ್ಕಳು ಮರೆತರು.

ಇನ್ನೊಂದು ಮಾತು. 1791ರಲ್ಲೇ ಪರಶುರಾಮ ಭಾವುವಿನ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಅದರ ಪುನಃಪ್ರತಿಷ್ಠೆಗೆ ನೆರವಾದವನು ಟಿಪ್ಪು. ಸ್ವಾಮಿಗಳಿಗೆ ಅವನು ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಕೊಡಗಿನ ಮಾತು ಬಂದಾಗ ಈ ಪತ್ರಗಳನ್ನು ಎದುರಿಗೆ ಹಿಡಿಯುವವರಿದ್ದಾರೆ. ಪತ್ರಗಳಿಗಾಗಿ ಕೊಡಗನ್ನು ಮರೆಯಬೇಕಿಲ್ಲ, ಕೊಡಗಿಗಾಗಿ ಪತ್ರಗಳನ್ನು ಮುಚ್ಚಿಡಬೇಕಿಲ್ಲ. ಎರಡೂ ದಾಖಲೆಯಲ್ಲಿವೆ.

2015ರ ನವೆಂಬರ್ 10ರಂದು ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆಚರಿಸಿದಾಗ ಮಡಿಕೇರಿಯಲ್ಲಿ ಘರ್ಷಣೆಯಾಗಿ ಸಾವು ಸಂಭವಿಸಿತು. 2019ರಲ್ಲಿ ಬಂದ ಇನ್ನೊಂದು ಸರ್ಕಾರ ಆ ಆಚರಣೆಯನ್ನು ರದ್ದು ಮಾಡಿತು. ಅಂದು ಮಡಿಕೇರಿಯ ಬೀದಿಯಲ್ಲಿ ಎದುರಾಬದುರಾಗಿ ನಿಂತವರಲ್ಲಿ ನಿಮ್ಮ ವಯಸ್ಸಿನ ಹುಡುಗರೂ ಇದ್ದರು.