ಕಂಪನಿ ಮುಚ್ಚಿತು, ತಪ್ಪುಗಳು ಉಳಿದವು

2004ರ ನವೆಂಬರ್ 16ರಂದು ಎರಡು ಕಂಪ್ಯೂಟರ್ ಆಟಗಳು ಒಟ್ಟಿಗೆ ಮಾರುಕಟ್ಟೆಗೆ ಬಂದವು. ಒಂದು, ವಾಲ್ವ್ ಕಂಪನಿಯ ‘ಹಾಫ್-ಲೈಫ್ 2’. ಆಟಗಳ ಚರಿತ್ರೆ ಬರೆಯುವವರಾರೂ ಅದನ್ನು ಬಿಡುವಂತಿಲ್ಲ. ಇನ್ನೊಂದು, ಅಮೆರಿಕದ ಟ್ರೋಯ್ಕಾ ಗೇಮ್ಸ್ ಎಂಬ ಸಣ್ಣ ಸಂಸ್ಥೆಯ ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’. ಹಸ್ತಪ್ರತಿ, ಪಾಠಾಂತರಗಳ ನಡುವೆ ಸಂಶೋಧನೆ ಮಾಡುತ್ತಿರುವ ನನಗೆ ಈ ಎರಡನೆಯದರ ಕತೆಯೇ ಹೆಚ್ಚು ಮುಖ್ಯವೆನಿಸುತ್ತದೆ.

‘ಫಾಲ್ಔಟ್’ ಆಟವನ್ನು ರೂಪಿಸಿದ ಟಿಮ್ ಕೇನ್, ಲಿಯೊನಾರ್ಡ್ ಬೊಯಾರ್ಸ್ಕಿ ಮತ್ತು ಜೇಸನ್ ಆಂಡರ್ಸನ್ 1998ರಲ್ಲಿ ಟ್ರೋಯ್ಕಾ ಕಟ್ಟಿದರು. ಬ್ಲಡ್‌ಲೈನ್ಸ್‌ನಲ್ಲಿ ಆಟಗಾರ ಲಾಸ್ ಏಂಜಲೀಸಿನ ರಕ್ತಪಿಪಾಸುಗಳ ಲೋಕಕ್ಕೆ ಹೊಸದಾಗಿ ಕಾಲಿಡುತ್ತಾನೆ. ಅವನು ಆರಿಸಿಕೊಂಡ ಕುಲಕ್ಕೆ ತಕ್ಕಂತೆ ಸಂಭಾಷಣೆಯೂ ಬದಲಾಗುತ್ತದೆ. ಬರವಣಿಗೆಯನ್ನು ವಿಮರ್ಶಕರು ಮೆಚ್ಚಿದರು. ಆದರೆ ಆಟ ನಡುವೆಯೇ ನಿಂತುಬಿಡುತ್ತಿತ್ತು. ಕತೆ ಸಾಕಷ್ಟು ಮುಂದೆ ಸಾಗಿದ ಮೇಲೆ, ಒಂದು ಹಂತ ಮುಗಿಸಿ ಹೊರಡುವ ಹೊತ್ತಿಗೆ ಕುಸಿದು ಬೀಳುತ್ತಿತ್ತು.

ಕಾರಣ ಸೋಮಾರಿತನವಲ್ಲ. ಟ್ರೋಯ್ಕಾ ಬಳಸಿದ್ದು ವಾಲ್ವ್‌ನ ‘ಸೋರ್ಸ್’ ಎಂಜಿನ್ನು. ಅದು ಇನ್ನೂ ತಯಾರಾಗುತ್ತಿದ್ದಾಗಲೇ ಅದರ ಮೇಲೆ ಆಟ ಕಟ್ಟಬೇಕಾಯಿತು. ಅಡಿಪಾಯ ಹಾಕುತ್ತಿರುವಾಗಲೇ ಮೇಲೆ ಗೋಡೆ ಎಬ್ಬಿಸಿದ ಹಾಗೆ. ಒಪ್ಪಂದದ ಪ್ರಕಾರ ಹಾಫ್-ಲೈಫ್ 2 ಬರುವ ಮೊದಲು ಇದು ಹೊರಬರುವಂತಿರಲಿಲ್ಲ. ಬಂದ ದಿನವೇ ಅದರ ಎದುರು ಸ್ಪರ್ಧೆಗಿಳಿಯಿತು. ಮಾರಾಟ ಸೊರಗಿತು. 2005ರ ಫೆಬ್ರವರಿಯಲ್ಲಿ ಟ್ರೋಯ್ಕಾ ಬಾಗಿಲು ಮುಚ್ಚಿತು.

ಪುಸ್ತಕದಲ್ಲಿ ಒಂದು ಪುಟ ಕಾಣೆಯಾದರೆ ಓದುಗ ಊಹಿಸಿಕೊಂಡು ಮುಂದಿನ ಪುಟಕ್ಕೆ ಹೋಗಬಹುದು. ಆಟದಲ್ಲಿ ಆ ಸ್ವಾತಂತ್ರ್ಯವಿಲ್ಲ. ಒಂದು ಬಾಗಿಲು ತೆರೆಯದಿದ್ದರೆ ಅದರಾಚೆಯ ಕತೆಯೆಲ್ಲ ಇಲ್ಲವಾದಂತೆಯೇ. ದುಡ್ಡು ಕೊಟ್ಟವನ ಸಿಟ್ಟಿಗೆ ಇದೇ ಮೂಲ. ದೂರು ಕೊಡೋಣವೆಂದರೆ ಆಟ ಮಾಡಿದವರೇ ಇಲ್ಲ.

ಕೊನೆಗೆ ಆಟಗಾರರೇ ತಿದ್ದಲು ಕೂತರು. ಮೂಲ ಸಂಕೇತ ಅವರ ಕೈಯಲ್ಲಿರಲಿಲ್ಲ. ಆದರೆ ಸಂಭಾಷಣೆಯ ಕಡತಗಳನ್ನು, ಪೈಥಾನ್ ಭಾಷೆಯಲ್ಲಿದ್ದ ಸೂಚನೆಗಳನ್ನು ತೆರೆದು ನೋಡಬಹುದಿತ್ತು. ಮತ್ತೊಬ್ಬರು ಶುರು ಮಾಡಿದ ಈ ಕೆಲಸವನ್ನು ಜರ್ಮನಿಯ ಒಬ್ಬ ರಸಾಯನಶಾಸ್ತ್ರಜ್ಞ ಕೈಗೆತ್ತಿಕೊಂಡು ಸುಮಾರು ಎರಡು ದಶಕ ಬಿಡದೆ ಮುಂದುವರಿಸಿದರು. ಅವರ ತಿದ್ದುಪಡಿಯಲ್ಲಿ ಎರಡು ಬಗೆ. ‘ಬೇಸಿಕ್’ ತಪ್ಪುಗಳನ್ನಷ್ಟೇ ಸರಿಮಾಡುತ್ತದೆ. ‘ಪ್ಲಸ್’, ಟ್ರೋಯ್ಕಾ ಅರ್ಧಕ್ಕೆ ಕೈಬಿಟ್ಟು ಕಡತಗಳಲ್ಲೇ ಉಳಿಸಿದ್ದ ಭಾಗಗಳನ್ನೂ ಮರಳಿ ಸೇರಿಸುತ್ತದೆ.

ಗ್ರಂಥಸಂಪಾದನೆ ಬಲ್ಲವರಿಗೆ ಈ ಇಕ್ಕಟ್ಟು ಹೊಸತಲ್ಲ. ಲಿಪಿಕಾರನ ಕೈತಪ್ಪನ್ನು ತಿದ್ದುವುದು ಒಂದು ಕೆಲಸ. ಕವಿ ಹೀಗೆ ಬರೆಯಲು ಬಯಸಿದ್ದನೆಂದು ಪಠ್ಯ ತುಂಬಿಸುವುದು ಬೇರೆಯೇ ಕೆಲಸ. ‘ಪ್ಲಸ್’ ಬಗ್ಗೆ ಅಭಿಮಾನಿಗಳ ನಡುವೆ ಎದ್ದ ಜಗಳವೂ ಇದೇ. ಹಳಗನ್ನಡ ಕಾವ್ಯದ ಸಂಪಾದಕರು ಪಾಠಾಂತರಗಳನ್ನು ಪುಟದಡಿಯಲ್ಲಿ ಕೊಡುತ್ತಾರೆ. ಆಟದ ಪರದೆಗೆ ಅಡಿಟಿಪ್ಪಣಿಯಿಲ್ಲ. ಬದಲಾವಣೆಗಳ ಪಟ್ಟಿ ಬೇರೊಂದು ಕಡತದಲ್ಲಿ ಇದ್ದೀತು, ಆಡುವಾಗ ಯಾವುದು ಮೂಲ, ಯಾವುದು ಸೇರ್ಪಡೆ ಎಂದು ತಿಳಿಯುವುದಿಲ್ಲ.

ಇಂದು ಗೋಗ್ ಎಂಬ ಆನ್‌ಲೈನ್ ಮಳಿಗೆ ಮಾರುವ ಪ್ರತಿಯೊಳಗೇ ಈ ಅಭಿಮಾನಿ ತಿದ್ದುಪಡಿ ಸೇರಿದೆ. ಹೊಸ ಆಟಗಾರನಿಗೆ ಇದು ಅನುಕೂಲ, ನಿಜ. ಆದರೆ ಮಾರುವವರು ಮಾಡಬೇಕಿದ್ದ ರಿಪೇರಿಯನ್ನು ಕೊಂಡವರು ಮಾಡಿದ್ದಾರೆ. ಆಟ ಇನ್ನೂ ಮಾರಾಟವಾಗುತ್ತಿರುವುದಕ್ಕೆ ಅವರ ದುಡಿಮೆಯೂ ಕಾರಣ. ಈ ಮಾತು ಆಟದ ಚರಿತ್ರೆಯೊಳಗೆ ದಾಖಲಾಗಬೇಕು.

ಹಾಗೆಯೇ 2004ರ ಆ ಮುರುಕು ಪ್ರತಿಯನ್ನೂ ಯಾವುದಾದರೂ ಗ್ರಂಥಾಲಯ ಕಾಪಾಡಬೇಕು. ಆತುರದ ಒಪ್ಪಂದಗಳ ಗುರುತು ಇರುವುದು ಅದರ ತಪ್ಪುಗಳಲ್ಲೇ. ತಿದ್ದಿದ ಪ್ರತಿ ಆಡುವುದಕ್ಕೆ ಸಾಕು, ಚರಿತ್ರೆ ಬರೆಯುವುದಕ್ಕೆ ಎರಡೂ ಬೇಕು.